ಜಕ್ಕಲಿಯಿಂದ ವೈದ್ಯಕೀಯ ಓದಲು ಹೋದ ತಂಗಿಗೆ

ತಂಗಿ,

ಮೊದಲ ವರ್ಷದ ವಿದ್ಯಾರ್ಥಿಗಳು ತೊಡೆಯ ಪಾಠ ಬಂದಾಗ ಸ್ನಾಯುಗಳ ಹೆಸರು ಬಾಯಿಪಾಠ ಮಾಡಿ ಪರೀಕ್ಷೆ ದಾಟುತ್ತಾರೆ. ಜಕ್ಕಲಿಯ ಹುಡುಗಿಗೆ ಅಷ್ಟೇ ಸಾಲದು. ರೋಣ ಸೀಮೆಯ ಎರೆಹೊಲಗಳಲ್ಲಿ ಹೊತ್ತು ಮುಳುಗುವತನಕ ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆಯುವ ಹೆಣ್ಣುಮಕ್ಕಳ ದುಡಿಮೆಯೆಲ್ಲ ತೊಡೆಯ ಮೇಲೆಯೇ ನಿಂತಿದೆ. ಅವರು ಎದ್ದು ನಿಲ್ಲುವಾಗ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಮೊಣಕಾಲನ್ನು ನೆಟ್ಟಗಾಗಿಸುತ್ತದೆ. ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಕುಂಡೆಯ ದೊಡ್ಡ ಸ್ನಾಯುವಿನ ಜೊತೆಗೂಡಿ ಬಾಗಿದ ಮೈಯನ್ನು ಮೇಲೆತ್ತುತ್ತವೆ. ಮುಂಭಾಗಕ್ಕೆ ಫೆಮೊರಲ್ ನರ, ಒಳದೊಡೆಗೆ ಆಬ್ಚುರೇಟರ್ ನರ, ಹಿಂಭಾಗಕ್ಕೆ ಸಯಾಟಿಕ್ ನರ.

ಆಬ್ಚುರೇಟರ್ ನರದ ಎಳೆಗಳು ಚಪ್ಪೆಯ ಕೀಲಿಗೂ ಹೋಗುತ್ತವೆ, ಮೊಣಕಾಲಿಗೂ ಹೋಗುತ್ತವೆ. ಆದ್ದರಿಂದ ಮೊಣಕಾಲು ನೋವೆಂದು ಅಳುವ ಮಗುವಿನ ರೋಗ ಚಪ್ಪೆಯಲ್ಲಿ ಅಡಗಿರಬಹುದು. ಮೊಣಕಾಲಷ್ಟೇ ನೋಡಿ ಕಳಿಸಬಾರದು.

ಇನ್ನು ತೊಡೆಯ ಎಲುಬು. ದೇಹದಲ್ಲೇ ಅತಿ ಉದ್ದದ್ದು, ಅತಿ ಗಟ್ಟಿಯಾದದ್ದು; ಮನುಷ್ಯನ ಎತ್ತರದ ಸುಮಾರು ಕಾಲು ಭಾಗ. ಆದರೂ ಅದರ ಕತ್ತು ನಾಜೂಕು. ದೊಡ್ಡವರಲ್ಲಿ ಅದು ಎಲುಬಿನ ಕಾಂಡಕ್ಕೆ ಸುಮಾರು 125 ಡಿಗ್ರಿ ಕೋನದಲ್ಲಿ ಕೂಡಿರುತ್ತದೆ. ಎಲುಬಿನ ತಲೆಗೆ ಬೇಕಾದ ರಕ್ತದ ಬಹುಪಾಲು ಈ ಕತ್ತನ್ನೇ ಹಿಡಿದು ಮೇಲೇರುತ್ತದೆ. ಕತ್ತು ಮುರಿದರೆ ರಕ್ತನಾಳಗಳೂ ಹರಿಯಬಹುದು. ರಕ್ತ ನಿಂತರೆ ತಲೆಯ ಭಾಗ ಒಳಗೇ ಸಾಯುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದ ಮುದುಕಿಯ ಕಾಲು ಗಿಡ್ಡವಾಗಿ, ಪಾದ ಹೊರಗೆ ಹೊರಳಿದ್ದರೆ ಅದು ಉಳುಕಲ್ಲ. ಎಣ್ಣೆ ತಿಕ್ಕಿಸಬಾರದು, ನಡೆಸಿ ನೋಡಬಾರದು. ಅವತ್ತೇ ಎಕ್ಸ್‌ರೇ ಆಗಬೇಕು. ಊರಿನವರಿಗೆ ಇದನ್ನು ಬಿಡಿಸಿ ಹೇಳುವುದು ನಿನ್ನಂಥವರಿಗೇ ಸಾಧ್ಯ.

ಸಯಾಟಿಕ್ ನರ ದೇಹದ ಅತಿ ದಪ್ಪ ನರ. ಕುಂಡೆಯ ಆಳದಿಂದ ಇಳಿದು ತೊಡೆಯ ಹಿಂಬದಿಯುದ್ದಕ್ಕೂ ಸಾಗುತ್ತದೆ. ಕುಂಡೆಗೆ ಚುಚ್ಚುವ ಸೂಜಿ ಜಾಗ ತಪ್ಪಿ ಈ ನರಕ್ಕೆ ತಗುಲಿದರೆ ಮಗುವಿನ ಪಾದ ಜೋತುಬೀಳಬಹುದು. ಕೂಸುಗಳಿಗೆ ಪೆಂಟಾವೇಲೆಂಟ್ ಲಸಿಕೆಯನ್ನು ತೊಡೆಯ ಮುಂದಿನ ಹೊರಮಗ್ಗುಲಿಗೆ ಕೊಡುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ವಾಸ್ಟಸ್ ಲ್ಯಾಟರಾಲಿಸ್ ಸ್ನಾಯು ದಪ್ಪಗಿದೆ, ದೊಡ್ಡ ನರವಿಲ್ಲ.

ಇದನ್ನೆಲ್ಲ ಕಲಿಸುವುದು ಯಾರೋ ಕೊಟ್ಟ ದೇಹ. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ 2008ರಲ್ಲಿ ತೀರಿಕೊಂಡರು. ತಮ್ಮ ದೇಹವನ್ನು ಅವರು ದಾನವಾಗಿ ಬರೆದಿಟ್ಟಿದ್ದರು. 2010ರ ನವೆಂಬರಿನಲ್ಲಿ ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಆಯುರ್ವೇದ ಕಾಲೇಜಿನಲ್ಲಿ ಆ ದೇಹವನ್ನು ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಹೇಳಿದವರು ಅಲ್ಲಿನ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ, ಅವರ ಸ್ವಂತ ಮಗ. ತಂದೆಯ ಇಚ್ಛೆಯೂ ಅದೇ ಆಗಿತ್ತು. ಹೂಳುವ ಪದ್ಧತಿ ಬಲವಾಗಿ ಬೇರೂರಿದ ನಮ್ಮ ಕಡೆ ಇದು ಸಣ್ಣ ಮಾತಲ್ಲ. ಡಿಸೆಕ್ಷನ್ ಹಾಲಿನಲ್ಲಿ ದೇಹದ ಎದುರು ನಿಂತು ಸೆಲ್ಫಿ ತೆಗೆಯುವ ಹುಡುಗರಿಗೆ ಈ ತಂದೆ ಮಗನ ಸಂಗತಿಯನ್ನು ನೀನೇ ಹೇಳು.

ತೊಡೆ ಛೇದಿಸುವ ದಿನ ತಪ್ಪಿಸಬೇಡ, ಹಿಂದಿನ ಸಾಲಿನಲ್ಲೂ ನಿಲ್ಲಬೇಡ. ಸಯಾಟಿಕ್ ನರ ಪಿರಿಫಾರ್ಮಿಸ್ ಸ್ನಾಯುವಿನ ಕೆಳಗೆ ಹೊರಬರುವಲ್ಲಿಂದ ಮೊಣಕಾಲಿನ ಮೇಲೆ ಎರಡಾಗಿ ಕವಲೊಡೆಯುವತನಕ ಬೆರಳಿಟ್ಟು ಹಿಂಬಾಲಿಸು. ಕೆಲವರಲ್ಲಿ ಅದು ಕುಂಡೆಯಲ್ಲೇ ಎರಡಾಗಿರುತ್ತದೆ. ಪುಸ್ತಕದ ಚಿತ್ರಕ್ಕೆ ತಾಳೆಯಾಗದಿದ್ದರೆ ಸುಮ್ಮನಿರದೆ ಗುರುಗಳನ್ನು ಕರೆದು ತೋರಿಸು.

ಇಂತಿ,
ಊರಿನ ಹಿರಿಯ