ಹೊಸ ಗೋಸುಂಬೆ ಹುಳು ಮುಟ್ಟದಿದ್ದಾಗ

ಟೆಕ್ಸಸ್‌ನ ನಮ್ಮ ಮನೆಯಲ್ಲಿ ನಾನು ಸಾಕುವುದು ವೇಲ್ಡ್ ಕೆಮೀಲಿಯನ್ ಜಾತಿಯ ಗೋಸುಂಬೆಗಳನ್ನು. ಮೂಲ ಯೆಮನ್ ಮತ್ತು ಸೌದಿ ಅರೇಬಿಯಾದ ನೈರುತ್ಯ ಭಾಗ. ಇಲ್ಲಿ ಮಾರಾಟಕ್ಕೆ ಬರುವವು ಬಹುಪಾಲು ಸಾಕಣೆಯಲ್ಲೇ ಹುಟ್ಟಿದವು. (ಭಾರತದಲ್ಲಿ ನಮ್ಮ ಊರಿನ ಬೇಲಿಯ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದನ್ನು ಹಿಡಿದು ಸಾಕುವುದು ಅಪರಾಧ.) ಹೊಸದಾಗಿ ತಂದವರೆಲ್ಲ ಕೇಳುವುದು ಒಂದೇ: "ಏನೂ ತಿನ್ನುತ್ತಿಲ್ಲ, ಬೇರೆ ಯಾವ ಹುಳು ಕೊಡಲಿ?" ಹುಳು ಬದಲಿಸುವುದು ಕೊನೆಯ ಮಾತು. ಮೊದಲು ಅದರ ಹೆದರಿಕೆ ಇಳಿಯಬೇಕು.

1. ಅಡಗಿಕೊಳ್ಳಲು ಬಿಡಿ. ಗೋಸುಂಬೆ ಓಡಿ ಪಾರಾಗುವ ಪ್ರಾಣಿಯಲ್ಲ. ಕಾಣಿಸದಿರುವುದೇ ಅದರ ರಕ್ಷಣೆ. ಅದರ ಎರಡು ಕಣ್ಣುಗಳೂ ಬೇರೆಬೇರೆ ದಿಕ್ಕಿಗೆ ತಿರುಗುತ್ತವೆ, ಆದರೆ ನಾಲಿಗೆ ಚಾಚುವ ಮುನ್ನ ಎರಡೂ ಹುಳುವಿನ ಮೇಲೆ ನೆಡಬೇಕು. ನೀವು ಎದುರಿಗೆ ನಿಂತು ಕಾಯುತ್ತಿದ್ದರೆ ಒಂದು ಕಣ್ಣು ನಿಮ್ಮನ್ನು ಬಿಟ್ಟು ಕದಲುವುದಿಲ್ಲ. ಬೇಟೆ ಅಲ್ಲಿಗೇ ನಿಂತಿತು. ಜಾಲರಿ ಗೂಡಿನೊಳಗೆ ಮನಿ ಪ್ಲಾಂಟ್, ಫೈಕಸ್, ದಾಸವಾಳ ಒತ್ತಾಗಿ ತುಂಬಿಸಿ. ಗೂಡನ್ನು ಎತ್ತರದಲ್ಲಿಡಿ, ಅದು ಕೂರುವ ಕೊಂಬೆ ನಿಮ್ಮ ತಲೆಗಿಂತ ಮೇಲಿರಲಿ. ಮೇಲಿನಿಂದ ಬಗ್ಗಿ ನೋಡುವ ಯಾರೇ ಆಗಲಿ, ಅದರ ಪಾಲಿಗೆ ಹದ್ದು. ಮೊದಲ ಎರಡು ವಾರ ಕೈಗೆತ್ತಿಕೊಳ್ಳುವ ಆಸೆ ಬೇಡವೇ ಬೇಡ. ಮಕ್ಕಳಿರುವ ಮನೆಯಲ್ಲಿ ಇದು ಕಷ್ಟ, ಆದರೂ ಇದೊಂದನ್ನು ಪಾಲಿಸಿದರೆ ಎಷ್ಟೋ ಗೋಸುಂಬೆಗಳು ತಾವಾಗಿಯೇ ತಿನ್ನತೊಡಗುತ್ತವೆ.

2. ನೀರು ಮೊದಲು. ಬಟ್ಟಲಲ್ಲಿ ನಿಂತ ನೀರು ಸಾಮಾನ್ಯವಾಗಿ ಅದರ ಗಮನಕ್ಕೇ ಬರುವುದಿಲ್ಲ; ಎಲೆಯ ಮೇಲಿನ ಹನಿಯನ್ನು ನೆಕ್ಕಿ ಕುಡಿಯುತ್ತದೆ. ಬೆಳಿಗ್ಗೆ, ಸಂಜೆ ಎಲೆಗಳು ಒದ್ದೆಯಾಗುವಷ್ಟು ಸಿಂಪಡಿಸಿ. ಹಿಕ್ಕೆಯ ಜೊತೆ ಬರುವ ಗಟ್ಟಿ ಮೂತ್ರ ಬೆಳ್ಳಗಿದ್ದರೆ ಸರಿ, ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ನೀರು ಸಾಲದು.

3. ಮೈ ಕಾಯದೆ ಜೀರ್ಣವಾಗದು. ಬಿಸಿಲು ಕಾಯುವ ಕೊಂಬೆಯ ಬಳಿ ದೊಡ್ಡದಕ್ಕೆ ಸುಮಾರು 30 ಡಿಗ್ರಿ ಸೆಲ್ಸಿಯಸ್, ಮರಿಗೆ ಒಂದೆರಡು ಡಿಗ್ರಿ ಕಡಿಮೆ. ಅತಿನೇರಳೆ ಕಿರಣ ಬೀರುವ ಯುವಿಬಿ ದೀಪ ಕಡ್ಡಾಯ. ಬೆಳಿಗ್ಗೆ ದೀಪ ಹೊತ್ತಿಸಿ ಒಂದೆರಡು ಗಂಟೆ ಕಳೆದ ಮೇಲೆ ಹುಳು ಕೊಡಿ.

4. ಈಗ ಹುಳುವಿನ ಸರದಿ. ಕೊಟ್ಟವರನ್ನು ಕೇಳಿ, ಅಲ್ಲಿ ಏನು ತಿನ್ನುತ್ತಿತ್ತೋ ಅದರಿಂದಲೇ ಶುರು ಮಾಡಿ. ಹುಳುವಿನ ಗಾತ್ರ ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಗಲವನ್ನು ಮೀರಬಾರದು. ಅದನ್ನು ಸೆಳೆಯುವುದು ಚಲನೆ. ಸತ್ತ ಹುಳು ಕಣ್ಣಿಗೇ ಬೀಳದು. ಕ್ರಿಕೆಟ್ ಹುಳುವನ್ನು ಮೂಸದಿದ್ದರೆ ನಾನು ಕೊಡುವುದು ರೇಷ್ಮೆ ಹುಳು. ಮೆತ್ತಗಿನ ಮೈ, ತುಂಬಾ ನೀರಿನಂಶ, ನಿಧಾನ ನಡಿಗೆ. ರಾಮನಗರದ ಕಡೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬೆಳೆಯುವ ಅದೇ ಹುಳುವನ್ನು ಇಲ್ಲಿ ಡಬ್ಬಿಯಲ್ಲಿ ಮಾರುತ್ತಾರೆ. ಎದುರಿನ ಎಲೆಯ ಮೇಲೆ ಎರಡು ಬಿಟ್ಟು ಕೋಣೆಯಿಂದ ಹೊರಗೆ ಬನ್ನಿ. ತಿನ್ನದೆ ಉಳಿದ ಕ್ರಿಕೆಟ್‌ಗಳನ್ನು ರಾತ್ರಿ ಗೂಡಲ್ಲಿ ಬಿಡಬೇಡಿ, ಮಲಗಿದ ಗೋಸುಂಬೆಯನ್ನು ಕಚ್ಚುತ್ತವೆ.

5. ಹೆಣ್ಣಾದರೆ ಮೊಟ್ಟೆಯ ಯೋಚನೆ ಇರಲಿ. ಗಂಡಿನ ಜೊತೆ ಸೇರದಿದ್ದರೂ ಈ ಜಾತಿಯ ಹೆಣ್ಣು ಮೊಟ್ಟೆ ಕಟ್ಟುತ್ತದೆ, ಇಡುವ ಮುನ್ನ ತಿನ್ನುವುದು ನಿಲ್ಲಿಸುತ್ತದೆ. ಚಡಪಡಿಸುತ್ತಾ ನೆಲಕ್ಕಿಳಿದರೆ ಅಗೆಯಲು ಆಳವಾದ ಒದ್ದೆ ಮರಳಿನ ಡಬ್ಬ ಬೇಕು. ಜಾಗ ಸಿಗದೆ ಮೊಟ್ಟೆ ಒಳಗೇ ಉಳಿದರೆ ಜೀವಕ್ಕೇ ಅಪಾಯ.

6. ಬಾಯಿ ಬಿಡಿಸಿ ತುರುಕಬೇಡಿ. ನೀರು ಕುಡಿಯುತ್ತಿರುವ, ಚುರುಕಾಗಿರುವ ದೊಡ್ಡ ಗೋಸುಂಬೆ ಹೊಸ ಮನೆಯಲ್ಲಿ ಕೆಲವು ದಿನ ಉಪವಾಸವಿದ್ದರೆ ಗಾಬರಿ ಬೇಡ. ಮರಿಗೆ ಅಷ್ಟು ತಾಳಿಕೆಯಿಲ್ಲ, ಒಂದೆರಡು ದಿನದಲ್ಲೇ ವೈದ್ಯರನ್ನು ಕೇಳಿ. ಹಗಲಲ್ಲಿ ಕಣ್ಣು ಮುಚ್ಚಿ ಕೂತಿದ್ದರೆ, ಗುರಿಯಿಟ್ಟರೂ ನಾಲಿಗೆ ಪೂರ್ತಿ ಚಾಚದಿದ್ದರೆ, ಕಾಲು ಸೊಟ್ಟಗಾದರೆ ಕಾಯಲೇಬೇಡಿ. ಕ್ಯಾಲ್ಸಿಯಂ ಕೊರತೆಯೂ ಇರಬಹುದು. ಸರೀಸೃಪಗಳನ್ನು ನೋಡುವ ವೈದ್ಯರ ಬಳಿಗೆ ಹೋಗುವಾಗ ತಾಜಾ ಹಿಕ್ಕೆ, ಗೂಡಿನ ಮತ್ತು ದೀಪಗಳ ಫೋಟೊ, ವಾರವಾರ ತೂಗಿ ಬರೆದಿಟ್ಟ ಗ್ರಾಂ ಲೆಕ್ಕ ಜೊತೆಗಿರಲಿ.