ಬೆಳೆ ವಿಮೆ: ನಷ್ಟದ ಲೆಕ್ಕ ಹೇಗೆ?

ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಜಾರಿಯಲ್ಲಿದೆ. ರೈತರ ಕಂತು ವಿಮಾ ಮೊತ್ತದ ಮೇಲೆ ಮುಂಗಾರಿಗೆ ಗರಿಷ್ಠ ಶೇ 2, ಹಿಂಗಾರಿಗೆ ಶೇ 1.5, ವಾರ್ಷಿಕ ವಾಣಿಜ್ಯ, ತೋಟಗಾರಿಕೆ ಬೆಳೆಗೆ ಶೇ 5. 2020ರ ಮುಂಗಾರಿನಿಂದ ಸಾಲ ಪಡೆದವರಿಗೂ ಐಚ್ಛಿಕ.

ಹಲವರು ಎಡವುವುದು ನಷ್ಟದ ಲೆಕ್ಕದಲ್ಲಿ. ಬರ ಬಂದಾಗ ಇಡೀ ವಿಮಾ ಘಟಕದ ಬೆಳೆ ಕಟಾವು ಪ್ರಯೋಗವೇ ಆಧಾರ. ಒಬ್ಬರ ಹೊಲವಷ್ಟೇ ಒಣಗಿದರೆ ಪರಿಹಾರವಿಲ್ಲ. ಸಣ್ಣ ಹಿಡುವಳಿದಾರರಿಗೆ ಇದು ನಿಜಕ್ಕೂ ಕಠಿಣ ನಿಯಮ. ಆಲಿಕಲ್ಲು ಮಳೆ, ಭೂಕುಸಿತದಂಥ ಸ್ಥಳೀಯ ವಿಪತ್ತಿಗೆ ಹೊಲವಾರು ಸಮೀಕ್ಷೆಯುಂಟು. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ರಾಗಿ, ಅಕಾಲಿಕ ಮಳೆಗೆ ನೆನೆದು ತೆನೆಯಲ್ಲೇ ಮೊಳೆತರೆ, ಕಟಾವಿನಿಂದ 14 ದಿನಗಳವರೆಗೆ ರಕ್ಷಣೆ ಇದೆ. ಈ ಎರಡರಲ್ಲೂ 72 ಗಂಟೆಯೊಳಗೆ ಮಾಹಿತಿ ನೀಡುವುದು ಕಡ್ಡಾಯ.

ವಿಮೆ ಮಾಡಿಸದವರಿಗೂ ರಾಜ್ಯ ವಿಪತ್ತು ಸ್ಪಂದನಾ ನಿಧಿಯ ಇನ್‌ಪುಟ್ ಸಬ್ಸಿಡಿ ಸಿಗಬಹುದು: ಬೆಳೆ ನಷ್ಟ ಕನಿಷ್ಠ ಶೇ 33 ಇರಬೇಕು.