ಮುಪ್ಪಿನ ಸಹವಸತಿ: ಲೋಕಾಪವಾದವೂ ವಿವೇಕವೂ

ಬಾಲ್ಯ, ಯೌವನ, ವಾರ್ಧಕ್ಯಗಳೆಂಬ ಮೂರು ಅವಸ್ಥೆಗಳಲ್ಲಿ ಕಡೆಯದಕ್ಕೆ ಆಸರೆ ಅತ್ಯವಶ್ಯ. ಹಿಂದೆ ಆ ಆಸರೆಯನ್ನು ಅವಿಭಕ್ತ ಕುಟುಂಬವು ಕೊಡುತ್ತಿದ್ದಿತು. ಶಾಸನಗಳಲ್ಲಿ ಕೋಗಳಿ 500 ಎಂದು ಹೆಸರಾದ ನಾಡಿನಲ್ಲಿ, ಎಂದರೆ ಇಂದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ, ಮಳೆಯನ್ನೇ ನಂಬಿದ ಬೆದ್ದಲು ಹೆಚ್ಚು. ಮಳೆ ಕೈಕೊಟ್ಟರೆ ಪ್ರಾಯದವರು ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಗಳಿಗೋ ಗುಳೆ ಹೋಗುವರು. ಓದಿದವರು ನೌಕರಿಯ ಊರಿನಲ್ಲಿಯೇ ನೆಲೆಸುವರು. ಮನೆಯಲ್ಲಿ ಉಳಿಯುವವರು ವೃದ್ಧರು. 2011ರ ಜನಗಣತಿಯಂತೆ ಭಾರತದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಮಿಕ್ಕಿದ್ದರು. ಆದಕಾರಣ ಇವರ ಬಾಳುವೆ ಹೇಗೆಂಬುದು ವಿಚಾರಾರ್ಹವಾದ ವಿಷಯ.

ಇದಕ್ಕೆ ಒಂದು ಮಾರ್ಗ ಸಹವಸತಿ. ಇಲ್ಲಿ ಒಬ್ಬೊಬ್ಬರಿಗೂ ತಮ್ಮದೇ ಮನೆ, ತಮ್ಮದೇ ಬಾಗಿಲು, ತಮ್ಮದೇ ಒಲೆ. ಜೊತೆಗೆ ಎಲ್ಲರಿಗೂ ಸೇರಿದ ಒಂದು ಅಡುಗೆಮನೆ, ಪಡಸಾಲೆ, ಕೈತೋಟ. ಆಡಳಿತವೆಲ್ಲ ನಿವಾಸಿಗಳದೇ. ಡೆನ್ಮಾರ್ಕ್ ದೇಶದಲ್ಲಿ 1964ರಲ್ಲಿ ಇದಕ್ಕೆ ಮುಂದಾದ ಗೆಳೆಯರ ಗುಂಪನ್ನು ನೆರೆಹೊರೆಯವರೇ ವಿರೋಧಿಸಿದರು; ಅಲ್ಲಿ ಇಂಥ ಮೊದಲ ನೆಲೆಗಳು ಸಿದ್ಧವಾದದ್ದು 1970ರ ದಶಕದ ಆರಂಭದಲ್ಲಿ. ಲಂಡನ್ನಿನ ಬಾರ್ನೆಟ್‌ನಲ್ಲಿ ವಯಸ್ಸಾದ ಮಹಿಳೆಯರು 1998ರಲ್ಲಿ ಸಂಕಲ್ಪಿಸಿದ 25 ಮನೆಗಳ ನೆಲೆ 2016ರಲ್ಲಿ ಕೈಗೂಡಿತು. ಹೊಸ ಬಾಳುವೆಯನ್ನು ಲೋಕವು ಶಂಕಿಸುವುದು ಎಲ್ಲೆಡೆಯೂ ಉಂಟು.

ನಮ್ಮ ಕಡೆ ಕೇಳಿಬರುವ ಆಕ್ಷೇಪಗಳು ಮುಖ್ಯವಾಗಿ ಮೂರು. ಮೊದಲನೆಯದು, “ಮಕ್ಕಳಿದ್ದೂ ಹೆತ್ತವರನ್ನು ಹೊರಗೆ ಹಾಕಿದರು” ಎಂಬ ನಿಂದೆ. ಇದು ಸಹವಸತಿಯನ್ನೂ ವೃದ್ಧಾಶ್ರಮವನ್ನೂ ಒಂದೇ ಎಂದು ಭಾವಿಸಿದುದರ ಫಲ. ವೃದ್ಧಾಶ್ರಮದಲ್ಲಿ ಪರರು ನಡೆಸುವರು, ವೃದ್ಧರು ಆಶ್ರಯ ಪಡೆಯುವರು. ಸಹವಸತಿಯಲ್ಲಿ ವೃದ್ಧರೇ ಯಜಮಾನರು. ಇದರಿಂದ ಮಕ್ಕಳ ಋಣವೇನೂ ತೀರುವುದಿಲ್ಲ. ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ತಂದೆತಾಯಿಗಳಿಗೆ ಮಕ್ಕಳು ಜೀವನಾಂಶ ಕೊಡತಕ್ಕದ್ದೆಂದು 2007ರ ಕೇಂದ್ರ ಕಾಯಿದೆಯೂ ವಿಧಿಸಿದೆ.

ಎರಡನೆಯದು, “ಯಾರ ಕೈ ಅಡುಗೆ? ಯಾರ ಪಕ್ಕದಲ್ಲಿ ಊಟ?” ಎಂಬುದು. ಬಾಯಿಬಿಟ್ಟು ಆಡುವವರು ಕಡಿಮೆ. ಮನಸ್ಸಿನಲ್ಲಿ ಅಳುಕುವವರು ಬಹಳ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗ, ಮಾದಾರ, ಮಡಿವಾಳರೆಲ್ಲರೂ ಶರಣರೆಂದು ಕೂಡಿ ಕುಳಿತರು. ಅವರ ಹೆಸರನ್ನು ನಿತ್ಯವೂ ಸ್ಮರಿಸುವ ಮನೆಗಳಲ್ಲಿ ಈ ಶಂಕೆ ಹುಟ್ಟಿದರೆ ಸ್ಮರಣೆಯು ನಾಲಗೆಯಲ್ಲಿಯೇ ಉಳಿಯಿತೆಂದು ತಿಳಿಯಬೇಕು. ವಿಧವೆಯನ್ನು ದೂರವಿಡುವ ರೂಢಿಗೂ ಇದೇ ಉತ್ತರ.

ಮೂರನೆಯದು, “ಕೈಲಾಗದ ಮುದುಕರು ಒಬ್ಬರಿಗೊಬ್ಬರು ಹೊರೆ” ಎಂಬುದು. ಆಯ್ದಕ್ಕಿ ಮಾರಯ್ಯನು ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮನು ಹಿಂದಿರುಗಿಸೆಂದ ಪ್ರಸಂಗವು ಪ್ರಸಿದ್ಧ. ಕಾಯಕದ ಗೌರವ ಅದರ ಪ್ರಮಾಣದಲ್ಲಿಲ್ಲ. ಕಾಳು ಹಸನು ಮಾಡುವವಳು, ಲೆಕ್ಕ ಬರೆಯುವವನು, ಕಣ್ಣು ಮಂಜಾದವರಿಗೆ ಓದಿ ಹೇಳುವವನು, ಎಲ್ಲರೂ ಕಾಯಕ ಮಾಡಿದವರೇ. ಹಾಸಿಗೆ ಹಿಡಿದವರ ಶುಶ್ರೂಷೆ ಮಾತ್ರ ನೆರೆಯವರಿಂದಲೇ ಪೂರೈಸುವುದಿಲ್ಲ. ಅಲ್ಲಿ ಮಕ್ಕಳೂ ವೈದ್ಯರೂ ಬೇಕು ಎಂಬುದನ್ನು ಮುಚ್ಚಿಡಬಾರದು.

ಇಷ್ಟರಿಂದ ನಿರ್ಣಯವಾದುದೇನೆಂದರೆ: ಅಪಮಾನವಿರುವುದು ತೊರೆಯುವುದರಲ್ಲಿ, ಕೂಡಿ ಬಾಳುವುದರಲ್ಲಲ್ಲ. ಜನರ ಮಾತಿಗೆ ಅಂಜಿ ಬಾಗಿಲಿಕ್ಕಿಕೊಂಡ ವೃದ್ಧೆ ಜ್ವರದಲ್ಲಿ ಮಲಗಿದರೆ ನೀರು ಕೊಡಲು ಆ ಜನರು ಬರುವರೆಂಬ ಭರವಸೆಯಿಲ್ಲ. ದೊಡ್ಡ ಕಟ್ಟಡವನ್ನು ಕಾಯಬೇಕಾದುದಿಲ್ಲ. ಒಂದೇ ಓಣಿಯ ನಾಲ್ಕು ಮನೆಯವರು ದಿನಕ್ಕೊಂದು ಹೊತ್ತಿನ ಊಟವನ್ನು ಕೂಡಿ ಮಾಡಲಿ. ಮುಂಜಾನೆ ಒಬ್ಬರ ಬಾಗಿಲನ್ನೊಬ್ಬರು ತಟ್ಟಲಿ. ಖರ್ಚಿನ ಲೆಕ್ಕ ಬರಹದಲ್ಲಿರಲಿ. ಮನೆ ಹೊಲಗಳ ಹಕ್ಕು ಅವರವರಲ್ಲಿಯೇ ಇರಲಿ. ಪರಸ್ಥಳದ ಮಕ್ಕಳು ಇದಕ್ಕೆ ನಾಚದೆ ಹಣವನ್ನೂ, ಆಗಾಗ ತಮ್ಮ ಮುಖವನ್ನೂ ತರಲಿ. ಸದ್ಭಕ್ತರು ಇದನ್ನು ತಮ್ಮ ಓಣಿಯಲ್ಲಿಯೇ ವಿಚಾರಿಸತಕ್ಕದ್ದು.